ಅಟ್ಟಿನಳಗೆಯ ಬೇರೆ ಉಪಯೋಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ನಮ್ಮ ಸೀಮೆಯಲ್ಲಿ ಒಂದೇ ಪಾತ್ರೆಗೆ ಮನೆಮನೆಗೂ ಬೇರೆ ಹೆಸರಿದೆ. ಹವ್ಯಕರ ಅಡುಗೆಮನೆಯಲ್ಲಿ ಅದು ಅಟ್ಟಿನಳಗೆ, ತುಳು ಮಾತಾಡುವವರಿಗೆ ತೊಂದರು, ಮಲಯಾಳ ಮಾತಾಡುವ ನೆರೆಯವರಿಗೆ ಅಪ್ಪಚೆಂಬು, ಪೇಟೆಯ ಪಾತ್ರೆ ಅಂಗಡಿಯಲ್ಲಿ ಇಡ್ಲಿ ಪಾತ್ರೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯಾ, ಮಂಜೇಶ್ವರದ ಕಡೆಯ ಬಂಧುಗಳೂ ಸ್ನೇಹಿತರೂ ಮದುವೆ ಮನೆಯ ಜಗಲಿಯಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಈ ಪಾತ್ರೆಯ ಬಗ್ಗೆ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಿದ್ದೇನೆ. ಕೊಟ್ಟಿಗೆ (ಎಲೆಯಲ್ಲಿ ಬೇಯಿಸುವ ತಿಂಡಿ), ಇಡ್ಲಿ, ಪತ್ರೊಡೆ ಬೇಯಿಸುವ ಕ್ರಮ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಅದನ್ನು ಹೇಳಲು ಹೋಗಿಲ್ಲ.

## ಮೊದಲು ತಿಳಿಯಬೇಕಾದವು

ಅಟ್ಟಿನಳಗೆ ಅಂದರೆ ಇಡ್ಲಿ ಬೇಯಿಸಲಿಕ್ಕೆ ಇರುವುದಲ್ಲವೇ? ಅದರಲ್ಲಿ ಬೇರೆ ಏನು ಮಾಡಲಿಕ್ಕೆ ಉಂಟು?

ಈ ಪಾತ್ರೆಯನ್ನು ತಿಂಡಿಯ ಹೆಸರಿನಿಂದ ಗುರುತಿಸುವುದನ್ನು ಬಿಟ್ಟು ಅದು ಮಾಡುವ ಕೆಲಸದಿಂದ ಗುರುತಿಸಿದರೆ ಉತ್ತರ ತಾನಾಗಿ ಹೊಳೆಯುತ್ತದೆ. ತಳದಲ್ಲಿ ನೀರು, ನಡುವೆ ತೂತಿನ ತಟ್ಟೆ, ಮೇಲೆ ಮುಚ್ಚಳ. ಇಷ್ಟರಿಂದ ಅದು ಒಂದು ವಸ್ತುವನ್ನು ನೀರಿಗೆ ಮುಟ್ಟಿಸದೆ, ಬೆಂಕಿಗೆ ಒಡ್ಡದೆ, ಸುತ್ತಲೂ ಒಂದೇ ಸಮನಾದ ಬಿಸಿಯಲ್ಲಿ ಇರಿಸುತ್ತದೆ. ತಳದಲ್ಲಿ ನೀರು ಇರುವವರೆಗೆ ಒಳಗಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಆದ್ದರಿಂದ ಒಳಗಿಟ್ಟದ್ದು ಕರಟುವ ಭಯವೂ ಇಲ್ಲ. ಹೀಗೆ ತನ್ನಷ್ಟಕ್ಕೆ ಮಿತಿಯಲ್ಲಿ ನಿಲ್ಲುವ ಬಿಸಿಯನ್ನು ಕೊಡುವ ಸಾಧನ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಹಪ್ಪಳಕ್ಕೆ ಹಲಸಿನ ಸೊಳೆಯನ್ನು ನಮ್ಮ ಹಿರಿಯರು ಇದರಲ್ಲೇ ಬೇಯಿಸುತ್ತಿದ್ದುದು ಈ ಗುಣವನ್ನು ಬಲ್ಲುದರಿಂದಲೇ: ಸೊಳೆ ಬೇಯುತ್ತದೆ, ನೀರು ಕುಡಿಯುವುದಿಲ್ಲ. ಕೆಳಗೆ ಹೇಳುವ ಉಪಯೋಗಗಳಲ್ಲಿ ಹೆಚ್ಚಿನವು ಆ ಒಂದು ಗುಣದ ವಿಸ್ತರಣೆಗಳು. ಉಳಿದವು ಪಾತ್ರೆಯ ಮೂರು ಭಾಗಗಳನ್ನು ಬೇರೆ ಬೇರೆಯಾಗಿ ಬಳಸುವುದರಿಂದ ಬಂದವು.

ನೀರು ಆರಿ ತಳ ಹಿಡಿಯುತ್ತದೆ ಎಂಬ ಹೆದರಿಕೆ. ಮುಚ್ಚಳ ತೆಗೆಯದೆ ಗೊತ್ತಾಗುವುದು ಹೇಗೆ?

ನೀರು ಹಾಕುವಾಗಲೇ ತಳದಲ್ಲಿ ಒಂದು ನಾಣ್ಯವನ್ನೋ ಗಾಜಿನ ಗೋಲಿಯನ್ನೋ ಹಾಕಿಡಿ. ನೀರು ಕುದಿಯುವಷ್ಟು ಹೊತ್ತು ಅದು ಕಟಕಟ ಎನ್ನುತ್ತಿರುತ್ತದೆ. ಸದ್ದು ನಿಂತರೆ ನೀರು ಮುಗಿದಿದೆ ಎಂದೇ ಅರ್ಥ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಬೆ ಬೇಕಾಗುವ ಕೆಲಸಗಳಿಗೆ ಈ ಉಪಾಯ ತಪ್ಪದೆ ಬೇಕು. ನಡುವೆ ಸೇರಿಸುವುದಾದರೆ ಕುದಿಯುವ ನೀರನ್ನೇ ಸೇರಿಸಿ. ಕಲಾಯಿ ಹಾಕಿದ ತಾಮ್ರದ ಪಾತ್ರೆಯಾದರೆ ಇನ್ನಷ್ಟು ಜಾಗ್ರತೆ ಬೇಕು, ಏಕೆಂದರೆ ಕಲಾಯಿಯ ತವರವು 232 ಡಿಗ್ರಿಗೇ ಕರಗುತ್ತದೆ. ನೀರಿರುವ ಪಾತ್ರೆಯಲ್ಲಿ ಆ ಬಿಸಿ ಎಂದೂ ಬಾರದು. ಬತ್ತಿದ ಪಾತ್ರೆಯಲ್ಲಿ ಸ್ವಲ್ಪ ಹೊತ್ತಿಗೇ ಬರಬಹುದು.

ಅಲ್ಯುಮಿನಿಯಂ, ಸ್ಟೀಲು, ತಾಮ್ರ: ಯಾವುದಿದ್ದರೆ ಒಳ್ಳೆಯದು?

ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ. ಹುಳಿ ಮುಟ್ಟುವ ಕೆಲಸಕ್ಕೆ, ಎಂದರೆ ಪುನರ್ಪುಳಿ, ಬಿಂಬುಳಿ, ಮಾವು ಇರುವಲ್ಲಿಗೆ, ಸ್ಟೀಲು ಮಾತ್ರ. ಮನೆಯಲ್ಲಿ ಸೋಪು ತಯಾರಿಸುವವರು ಕಾಸ್ಟಿಕ್ ಸೋಡಾದ ದ್ರಾವಣವನ್ನು ಅಲ್ಯುಮಿನಿಯಂ ಪಾತ್ರೆಗಾಗಲಿ ಇಡ್ಲಿ ತಟ್ಟೆಗಾಗಲಿ ಎಂದಿಗೂ ಸುರಿಯಬಾರದು. ಅದು ಲೋಹವನ್ನು ತಿನ್ನುತ್ತದೆ, ಜೊತೆಗೆ ಬೆಂಕಿ ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಅನಿಲವನ್ನು ಹೊರಬಿಡುತ್ತದೆ. ಬೆಳ್ಳಿಯನ್ನು ಬೆಳಗಿಸುವ ಒಂದು ಕೆಲಸಕ್ಕೆ ಮಾತ್ರ ಅಲ್ಯುಮಿನಿಯಮ್ಮೇ ಬೇಕು. ಅದನ್ನು ಮುಂದೆ ವಿವರಿಸಿದ್ದೇನೆ.

ತಿಂಡಿ ಮಾಡುವ ಪಾತ್ರೆಯಲ್ಲೇ ಇದನ್ನೆಲ್ಲ ಮಾಡಿದರೆ ಮೈಲಿಗೆಯಲ್ಲವೇ?

ಮಡಿ ಮೈಲಿಗೆಯ ವಿಚಾರವನ್ನು ಅವರವರ ಮನೆಯ ಕ್ರಮಕ್ಕೆ ಬಿಡುತ್ತೇನೆ. ಆರೋಗ್ಯದ ದೃಷ್ಟಿಯಿಂದ ನಾನು ಪಾಲಿಸುವ ಗೆರೆ ಸರಳವಾದದ್ದು. ಬಾಯಿಗೆ ಹೋಗುವ ವಸ್ತು, ಅದನ್ನು ಹಿಡಿಯುವ ಪಾತ್ರೆ ಮತ್ತು ತೊಳೆದ ಬಟ್ಟೆ ಅಡುಗೆಯ ಅಟ್ಟಿನಳಗೆಯಲ್ಲಿ ಇರಬಹುದು. ಮಣ್ಣು, ಮೇಣ, ಬಣ್ಣ, ಬೈಹುಲ್ಲು ಇವಕ್ಕೆ ಬೇರೆಯದೇ ಒಂದು ಹಳೆಯ ಪಾತ್ರೆ ಬೇಕು. ಹಿಡಿ ಮುರಿದ, ಮುಚ್ಚಳ ನೆಗ್ಗಿದ ಪಾತ್ರೆ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತದೆ. ಅದನ್ನು ತಂದು ಹಿಡಿಗೆ ಕೆಂಪು ದಾರ ಕಟ್ಟಿ ದನದ ಕೊಟ್ಟಿಗೆಯ ಮಾಡಿನಡಿ ಇಟ್ಟರೆ ಯಾರೂ ತಪ್ಪಿ ಒಳಗೆ ತರುವುದಿಲ್ಲ.

ಹಬೆಗೆ ಗ್ಯಾಸು ತುಂಬ ಖರ್ಚಾಗುವುದಿಲ್ಲವೇ?

ಖರ್ಚಾಗುವುದು ನೀರು ಕುದಿಸುವುದರಲ್ಲಿ ಅಲ್ಲ, ಕುದಿದ ನೀರನ್ನು ಹಾರಿಸಿಬಿಡುವುದರಲ್ಲಿ. ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 300 ಕಿಲೋಜೂಲ್ ಸಾಕು. ಅದೇ ನೀರನ್ನು ಪೂರ್ತಿ ಹಬೆಯಾಗಿಸಲು ಮತ್ತೆ 2,257 ಕಿಲೋಜೂಲ್ ಬೇಕು. ಮನೆಯ ಒಲೆಯಲ್ಲಿ ಪೋಲಾಗುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಒಂದು ಲೀಟರ್ ನೀರು ಹಾರಿಹೋಗುವಷ್ಟರಲ್ಲಿ ಹೆಚ್ಚುಕಡಿಮೆ 90 ಗ್ರಾಂ ಗ್ಯಾಸು ಮುಗಿದಿರುತ್ತದೆ. ಮುಚ್ಚಳದ ಅಂಚಿನಿಂದ ಹಬೆ ಬುಸುಗುಡುತ್ತಿದ್ದರೆ ಒಳಗೆ ಬೇಗ ಆಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಆದರೆ ಉರಿ ಎಷ್ಟೇ ದೊಡ್ಡದಿದ್ದರೂ ಒಳಗಿನ ಬಿಸಿ ಅದೇ 100 ಡಿಗ್ರಿ. ಹೊರಗೆ ಹೋದದ್ದು ನಿಮ್ಮ ಸಿಲಿಂಡರಿನ ಪಾಲು. ಹಬೆ ತುಂಬಿದ ಕೂಡಲೇ ಉರಿಯನ್ನು ತಗ್ಗಿಸಿ, ಅಂಚಿನಲ್ಲಿ ಸಣ್ಣ ಎಳೆಯಷ್ಟು ಹಬೆ ಕಾಣುವಂತೆ ಇಟ್ಟರೆ ಸಾಕು. ಇನ್ನೊಂದು ಉಪಾಯವನ್ನು ನಾನು ದಿನವೂ ಪಾಲಿಸುತ್ತೇನೆ: ಬೆಳಗ್ಗೆ ಇಡ್ಲಿ ಇಳಿಸಿದ ಮೇಲೆ ನೀರು ಕುದಿಯುತ್ತಲೇ ಇರುತ್ತದೆ, ಹಬೆಯ ಬೇರೆ ಕೆಲಸವನ್ನು ಆಗಲೇ ಮುಗಿಸಿಬಿಡುತ್ತೇನೆ.

## ದಿನನಿತ್ಯದ ಕೆಲಸಗಳು

ಆಟಿಯ (ಜುಲೈ-ಆಗಸ್ಟಿನ ತುಳು ತಿಂಗಳು) ಮಳೆಗೆ ಹಿಟ್ಟು ಹುಳಿ ಬರುವುದೇ ಇಲ್ಲ, ಮೊಸರು ನೀರುನೀರು. ಅಟ್ಟಿನಳಗೆ ಇದಕ್ಕೆ ಆಗುತ್ತದೆಯೇ?

ನನ್ನ ಮಟ್ಟಿಗೆ ಇದು ಈ ಪಾತ್ರೆಯ ಅತ್ಯುತ್ತಮ ಬದಲಿ ಉಪಯೋಗ, ಮತ್ತು ಇದಕ್ಕೆ ಹಬೆಯೇ ಬೇಡ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಆಟಿಯ ರಾತ್ರಿ ಅಡುಗೆಮನೆಯ ಕಲ್ಲು ಕೂಡ ತಣ್ಣಗಿರುತ್ತದೆ. ಮೊಸರಿನ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು 40ರಿಂದ 45 ಡಿಗ್ರಿಯ ಬೆಚ್ಚಗಿನ ಜಾಗ. ತಳದ ಪಾತ್ರೆಯಲ್ಲಿ ಅರ್ಧದಷ್ಟು ನೀರನ್ನು ಬೆರಳು ಸಹಿಸುವಷ್ಟು ಬಿಸಿ ಮಾಡಿ ಒಲೆ ಆರಿಸಿ, ತೂತಿನ ತಟ್ಟೆಯ ಮೇಲೆ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನಿಟ್ಟು ಮುಚ್ಚಿ, ಇಡೀ ಅಟ್ಟಿನಳಗೆಗೆ ಒಂದು ಹಳೆಯ ಕಂಬಳಿ ಹೊದಿಸಿಬಿಡಿ. ತಳದ ನೀರು ಬಿಸಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಅದರಿಂದ ಐದಾರು ಗಂಟೆಗಳಲ್ಲಿ ಮೊಸರು ಕತ್ತಿಯಲ್ಲಿ ಕೊಯ್ಯುವಷ್ಟು ಗಟ್ಟಿಯಾಗುತ್ತದೆ.

ದೋಸೆ ಹಿಟ್ಟಿಗೆ ಇಷ್ಟು ಬಿಸಿ ಬೇಡ. ನೀರು ಉಗುರುಬೆಚ್ಚಗಿದ್ದರೆ ಸಾಕು, ಇಲ್ಲವಾದರೆ ಹಿಟ್ಟು ಉಬ್ಬುವ ಮೊದಲೇ ಹುಳಿಯಾಗಿಬಿಡುತ್ತದೆ. ಉಬ್ಬಿದಾಗ ಉಕ್ಕಿ ಹರಿಯದಂತೆ ಹಿಟ್ಟಿನ ಪಾತ್ರೆಯಲ್ಲಿ ಮೂರನೇ ಒಂದು ಭಾಗ ಖಾಲಿ ಇರಲಿ. ಹೊಸದಾಗಿ ಸಂಸಾರ ಹೂಡಿದವರಿಗೆ ಮೊದಲು ಕಲಿಸಬೇಕಾದದ್ದು ಈ ವಿಧಾನವನ್ನೇ ಎಂದು ನಾನು ಭಾವಿಸುತ್ತೇನೆ.

ಹೆಸರುಕಾಳು ಮೊಳಕೆ ಬರಿಸಲು ಬಟ್ಟೆ ಕಟ್ಟಿ ನೇತು ಹಾಕುವ ಬದಲು ತೂತಿನ ತಟ್ಟೆಯಲ್ಲಿ ಆಗುತ್ತದೆಯೇ?

ಆಗುತ್ತದೆ. ರಾತ್ರಿ ನೆನೆದ ಕಾಳನ್ನು ಒದ್ದೆ ಬಟ್ಟೆ ಹಾಸಿದ ತಟ್ಟೆಯಲ್ಲಿ ಹರಡಿ, ನೀರಿಲ್ಲದ ತಳದ ಪಾತ್ರೆಯ ಮೇಲಿಟ್ಟು, ಮುಚ್ಚಳವನ್ನು ಸ್ವಲ್ಪ ಓರೆಯಾಗಿ ಇಡಿ. ಬೆಳಗ್ಗೆ ಸಂಜೆ ತಟ್ಟೆಯೊಂದಿಗೇ ತೊಳೆದರೆ ನೀರು ತೂತಿನಿಂದ ಇಳಿದುಹೋಗುತ್ತದೆ, ಕಾಳು ಕೊಳೆಯುವುದಿಲ್ಲ.

ಇಡ್ಲಿ ತಟ್ಟೆಯ ಗುಳಿಗಳನ್ನು ಬೇರೆ ಯಾವುದಕ್ಕಾದರೂ ಬಳಸಬಹುದೇ?

ತೂತಿಲ್ಲದ ಸ್ಟೀಲಿನ ಗುಳಿಗಳಾದರೆ ಫ್ರೀಜರಿನಲ್ಲಿ ಅವು ಅಳತೆಯ ಅಚ್ಚುಗಳಾಗುತ್ತವೆ. ತೆಂಗಿನಹಾಲು, ಶುಂಠಿ ಅರೆದದ್ದು, ಹುಣಸೆ ಹುಳಿಯ ರಸ ಇವನ್ನು ಗುಳಿಗೆ ಹೊಯ್ದು ಗಟ್ಟಿಯಾದ ಮೇಲೆ ಬಿಡಿಸಿ ಡಬ್ಬಿಗೆ ತುಂಬಿಸಿಟ್ಟರೆ ದಿನಕ್ಕೆ ಬೇಕಾದಷ್ಟನ್ನೇ ತೆಗೆಯಬಹುದು. ನಿಮ್ಮ ತಟ್ಟೆಯ ಒಂದು ಗುಳಿ ಎಷ್ಟು ಚಮಚ ಹಿಡಿಯುತ್ತದೆ ಎಂದು ಒಮ್ಮೆ ನೀರಿನಲ್ಲಿ ಅಳೆದು ನೆನಪಿಡಿ. ಹೊಲಿಗೆ ಯಂತ್ರವನ್ನೋ ಗಡಿಯಾರವನ್ನೋ ಬಿಚ್ಚುವಾಗ ಬಿಚ್ಚಿದ ಕ್ರಮದಲ್ಲೇ ತಿರುಪುಗಳನ್ನು ಒಂದೊಂದು ಗುಳಿಯಲ್ಲಿ ಇಡುವುದೂ ಒಳ್ಳೆಯ ಅಭ್ಯಾಸ. ತೂತಿನ ಗುಳಿಯಾದರೆ ಕೆಳಗೆ ಬಾಳೆಲೆಯ ತುಂಡು ಹಾಕಿ.

ಕೈಒರಸುವ ಬಟ್ಟೆ, ಮರದ ಸೌಟು ಮಳೆಗಾಲದಲ್ಲಿ ಮುಗ್ಗಲು ವಾಸನೆ. ಹಬೆ ತೋರಿಸಿದರೆ ಹೋಗುತ್ತದೆಯೇ?

ವಾಸನೆಗೆ ಕಾರಣವಾದ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಹೋಗುತ್ತವೆ, ಕಲೆ ಹೋಗುವುದಿಲ್ಲ. ಸೋಪಿನಲ್ಲಿ ಒಗೆದು ಹಿಂಡಿದ ಹತ್ತಿಯ ಬಟ್ಟೆಯನ್ನು ಒತ್ತೊತ್ತಾಗಿ ತುರುಕದೆ ಸಡಿಲವಾಗಿ ಮಡಚಿ ಹದಿನೈದು ನಿಮಿಷ ಹಬೆಯಲ್ಲಿಡಿ. ಹಿಂಡಿದರೂ ಉಳಿಯುವ ಒದ್ದೆ ಅಗತ್ಯವೇ. ಒಣ ಬಿಸಿಗಿಂತ ಒದ್ದೆ ಬಿಸಿ ಸೂಕ್ಷ್ಮಜೀವಿಗಳನ್ನು ಬೇಗ ಕೊಲ್ಲುತ್ತದೆ. ಹತ್ತು ನಿಮಿಷ ಹಬೆ ಕಂಡ ಮರದ ಸೌಟನ್ನು ಒಲೆಯ ಹತ್ತಿರ ಪೂರ್ತಿ ಒಣಗಿಸಿ ಅಂಗೈಯಷ್ಟು ತೆಂಗಿನೆಣ್ಣೆ ಸವರಬೇಕು, ಇಲ್ಲವಾದರೆ ಮರ ಬಿರಿಯುತ್ತದೆ. ನಾರಿನ ಬ್ರಷ್ಷಿಗೂ ಇದೇ ಕ್ರಮ. ಅಂಟು ಹಾಕಿ ಜೋಡಿಸಿದ ಮರದ ಹಲಗೆಯನ್ನು ಮಾತ್ರ ಇಡಬೇಡಿ, ಜೋಡಣೆ ಬಿಟ್ಟುಕೊಳ್ಳುತ್ತದೆ.

ಮಗುವಿನ ಹಾಲಿನ ಬಾಟಲಿಗೆ ಬೇರೆ ಯಂತ್ರ ಕೊಳ್ಳಬೇಕು ಎನ್ನುತ್ತಾರೆ. ಅಟ್ಟಿನಳಗೆ ಸಾಲದೇ?

ಆ ಯಂತ್ರ ಮಾಡುವ ಕೆಲಸವೂ ಹಬೆ ಹಿಡಿಸುವುದೇ. ಕ್ರಮ ತಪ್ಪದಿದ್ದರೆ ಅಟ್ಟಿನಳಗೆ ಸಾಕು. ಮೊದಲು ಬಾಟಲಿ, ಮುಚ್ಚಳ, ನಿಪ್ಪಲುಗಳನ್ನು ಬಿಡಿಬಿಡಿಯಾಗಿ ಸೋಪು ನೀರಿನಲ್ಲಿ ಬ್ರಷ್ಷಿನಿಂದ ತೊಳೆಯಬೇಕು, ಏಕೆಂದರೆ ಹಾಲಿನ ಜಿಡ್ಡು ಉಳಿದಲ್ಲಿ ಹಬೆಯ ಕೆಲಸ ನಡೆಯುವುದಿಲ್ಲ. ಬಾಟಲಿಯನ್ನು ಬಾಯಿ ಕೆಳಗಾಗಿ ಇಟ್ಟು, ಹಬೆ ಪೂರ್ತಿ ತುಂಬಿದ ಮೇಲೆ ಹತ್ತು ನಿಮಿಷ ಎಣಿಸಬೇಕು. ಮುಚ್ಚಳ ತೆಗೆಯದೆ ಆರಲು ಬಿಟ್ಟು, ತೊಳೆದ ಕೈಯಲ್ಲಿ ಹೊರತೆಗೆದು ನೀರು ಕೊಡವಬೇಕು. ಸೆರಗಿನಿಂದಲೋ ಬೈರಾಸಿನಿಂದಲೋ ಒರಸಿದರೆ ಮಾಡಿದ್ದೆಲ್ಲ ವ್ಯರ್ಥ. ಪ್ಲಾಸ್ಟಿಕ್ಕಾದರೆ ತಳದ ತ್ರಿಕೋನದ ಗುರುತನ್ನು ನೋಡಿ: 5 ಎಂದಿದ್ದರೆ ಪಾಲಿಪ್ರೊಪಿಲೀನ್, ಅದು ಈ ಬಿಸಿಯನ್ನು ತಾಳುತ್ತದೆ, 1 ಎಂದಿದ್ದರೆ ಪೆಟ್, ಅದು ಮುದುಡಿಹೋಗುತ್ತದೆ.

ಬಿಗಿದ ಮುಚ್ಚಳ, ಬಾಟಲಿಯ ಚೀಟಿ, ಫ್ರಿಜ್ಜಿನ ಮಂಜುಗಡ್ಡೆ ಇಂತಹ ಚಿಕ್ಕಪುಟ್ಟ ಕೆಲಸಗಳಿಗೆ?

ಜಾಡಿಯ ಲೋಹದ ಮುಚ್ಚಳವನ್ನು ಅರ್ಧ ನಿಮಿಷ ಹಬೆಗೆ ಹಿಡಿದರೆ ಗಾಜಿಗಿಂತ ಲೋಹ ಹೆಚ್ಚು ಹಿಗ್ಗುವುದರಿಂದ ಸಡಿಲವಾಗುತ್ತದೆ. ಅಂಟಿದ ಚೀಟಿ ಎರಡು ಮೂರು ನಿಮಿಷದಲ್ಲಿ ಎದ್ದುಬರುತ್ತದೆ. ಹಳೆಯ ಮಾದರಿಯ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿದ್ದರೆ ವಿದ್ಯುತ್ ತೆಗೆದು, ಬಿಸಿನೀರಿರುವ ತಳದ ಪಾತ್ರೆಯನ್ನು ದಪ್ಪ ಬಟ್ಟೆಯ ಮೇಲಿಟ್ಟು ಬಾಗಿಲು ಹಾಕಿ. ಚಾಕುವಿನಿಂದ ಕೆದಕಿ ಕೊಳವೆ ತೂತು ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ನೆಗಡಿಯಾದಾಗ ಅಟ್ಟಿನಳಗೆಯ ಹಬೆಗೆ ಮುಖ ಒಡ್ಡಬಹುದೇ?

ಒಲೆಯ ಮೇಲಿರುವ ಪಾತ್ರೆಗೆ ಎಂದಿಗೂ ಕೂಡದು. ಹಬೆಯ ಸುಡುವ ಶಕ್ತಿ ಕುದಿವ ನೀರಿಗಿಂತ ಹೆಚ್ಚು, ಏಕೆಂದರೆ ಮುಖದ ಮೇಲೆ ನೀರಾಗಿ ಇಳಿಯುವಾಗ ಅದು ತನ್ನಲ್ಲಿ ಅಡಗಿರುವ ಬಿಸಿಯನ್ನೆಲ್ಲ ಅಲ್ಲೇ ಬಿಡುತ್ತದೆ. ದೊಡ್ಡವರು ಒಲೆ ಆರಿಸಿ, ನೀರನ್ನು ಅಗಲ ಬೋಗುಣಿಗೆ ಹೊಯ್ದು, ಮೇಜಿನ ಮೇಲಿಟ್ಟು, ಮುಖವನ್ನು ದೂರವೇ ಹಿಡಿದು ಎರಡು ತುಳಸಿ ಎಲೆಯ ಪರಿಮಳ ತೆಗೆದುಕೊಂಡರೆ ಕಟ್ಟಿದ ಮೂಗಿಗೆ ತುಸು ಹಾಯೆನಿಸುತ್ತದೆ, ಅಷ್ಟೇ. ನೆಗಡಿ ಅದರಿಂದ ವಾಸಿಯಾಗುವುದಿಲ್ಲ. ಮಕ್ಕಳಿಗೆ ಇದು ಬೇಡವೇ ಬೇಡ. ಕಂಬಳಿಯಡಿ ಕೂತ ಮಗು ಪಾತ್ರೆ ಮಗುಚಿಕೊಂಡು ಸುಟ್ಟುಕೊಳ್ಳಲು ಒಂದು ಕ್ಷಣ ಸಾಕು.

## ತೋಟ, ಅಟ್ಟ, ದೇವರ ಕೋಣೆ

ಬೆಳ್ಳಿಯ ದೀಪ, ಕುಂಕುಮದ ಭರಣಿ ಕಪ್ಪಾಗಿದೆ. ಉಜ್ಜದೆ ಬೆಳ್ಳಗೆ ಮಾಡಬಹುದೇ?

ಅಲ್ಯುಮಿನಿಯಂ ಅಟ್ಟಿನಳಗೆ ಇಲ್ಲಿ ತಾನೇ ಕೆಲಸ ಮಾಡುತ್ತದೆ. ಬೆಳ್ಳಿಯ ಮೇಲಿನ ಕಪ್ಪು ಗಂಧಕದೊಡನೆ ಸೇರಿ ಆದ ಬೆಳ್ಳಿಯ ಸಲ್ಫೈಡ್. ತಳದ ಪಾತ್ರೆಯಲ್ಲಿ ಬೆಳ್ಳಿ ಮುಳುಗುವಷ್ಟು ನೀರು ಕುದಿಸಿ ಒಲೆ ಆರಿಸಿ, ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಮತ್ತು ಒಂದು ಚಮಚ ಉಪ್ಪು ಹಾಕಿ, ಬೆಳ್ಳಿಯನ್ನು ಪಾತ್ರೆಯ ಲೋಹಕ್ಕೆ ತಾಗುವಂತೆಯೇ ಇಳಿಸಿ. ಅಲ್ಯುಮಿನಿಯಂ ಆ ಗಂಧಕವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಕಪ್ಪು ಬಿಡುವುದು ಕಣ್ಣಿಗೆ ಕಾಣುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ, ಕಿಟಕಿ ತೆರೆದಿಡಿ. ಪುಡಿ ಹಾಕಿ ಉಜ್ಜಿದಾಗ ಪ್ರತಿ ಸಲವೂ ಸ್ವಲ್ಪ ಬೆಳ್ಳಿ ಸವೆದುಹೋಗುತ್ತದೆ. ಅಜ್ಜಿಯ ಕಾಲದ ಭರಣಿಯ ಬಳ್ಳಿ ಚಿತ್ತಾರ ಮಾಸಿರುವುದು ಆ ಉಜ್ಜುವಿಕೆಯಿಂದಲೇ. ಕಲ್ಲು ಕೂರಿಸಿದ ಒಡವೆಯನ್ನೂ, ಚಿತ್ತಾರದ ಸಂದಿನಲ್ಲಿ ಬೇಕೆಂದೇ ಕಪ್ಪು ಬಿಟ್ಟ ಕೆತ್ತನೆಯನ್ನೂ ಇದರಲ್ಲಿ ಹಾಕಬಾರದು. ಕಪ್ಪಾಗುವ ಪಾತ್ರೆಯ ಒಳಭಾಗವನ್ನು ಹುಣಸೆ ಸಿಪ್ಪೆ ಹಾಕಿ ಕುದಿಸಿದರೆ ಬೆಳಗುತ್ತದೆ.

ಹಿತ್ತಿಲ ಅರಸಿನ ಒಂದೆರಡು ಬುಟ್ಟಿ ಮಾತ್ರ. ಅದಕ್ಕಾಗಿ ದೊಡ್ಡ ಹಂಡೆ ಹೂಡಬೇಕೇ?

ಬೇಡ, ಅಟ್ಟಿನಳಗೆಯೇ ಸರಿ. ಜನವರಿಯಿಂದ ಮಾರ್ಚ್‌ವರೆಗೆ ಕಿತ್ತ ಗಡ್ಡೆಯಲ್ಲಿ ತಾಯಿಗಡ್ಡೆ ಬೇರೆ, ಬೆರಳು ಬೇರೆ ಮಾಡಿ, ಮಣ್ಣು ಹೋಗುವಂತೆ ತೊಳೆದು, ಒಂದೇ ದಪ್ಪದವನ್ನು ಒಟ್ಟಿಗೆ ಹಾಕಿ. ಎರಡನ್ನೂ ಕೂಡಿಸಿ ಹಾಕಿದರೆ ಬೆರಳು ಬೆಂದು ಮೆತ್ತಗಾದರೂ ತಾಯಿಗಡ್ಡೆ ಹಸಿಯಾಗಿಯೇ ಇರುತ್ತದೆ. ಮುಕ್ಕಾಲು ಗಂಟೆಯ ಹೊತ್ತಿಗೆ ಹಸಿ ವಾಸನೆ ಹೋಗಿ ಬೆಂದ ಅರಸಿನದ ಪರಿಮಳ ಬರತೊಡಗುತ್ತದೆ. ಆಗ ಒಂದು ತೆಂಗಿನ ಕಡ್ಡಿಯಿಂದ ಚುಚ್ಚಿ ನೋಡಿ, ತಡೆಯಿಲ್ಲದೆ ಇಳಿದರೆ ಸಾಕು. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆ ಬೆಂದರೆ ಒಣಗಿದ ಮೇಲೆ ಪುಡಿಪುಡಿಯಾಗುತ್ತದೆ.

ಬೇಯಿಸುವುದರಿಂದ ಒಳಗಿನ ಪಿಷ್ಟ ಅಂಟಾಗಿ ಬಣ್ಣ ಎಲ್ಲೆಡೆ ಸಮನಾಗಿ ಹರಡುತ್ತದೆ, ಒಣಗುವ ಕಾಲವೂ ಕಡಿಮೆಯಾಗುತ್ತದೆ. ಆಮೇಲೆ ಅಂಗಳದ ಚಾಪೆಯಲ್ಲಿ ಹತ್ತರಿಂದ ಹದಿನೈದು ದಿನ ಬಿಸಿಲು ಬೇಕು, ರಾತ್ರಿ ಮುಚ್ಚಿಡಬೇಕು. ಮುರಿದಾಗ ಲೋಹದಂತೆ ಟಣ್ ಎಂದರೆ ಒಣಗಿದೆ ಎಂದು ತಿಳಿಯಬಹುದು. ತಳಿಯನ್ನು ನೋಡಿಕೊಂಡು 10 ಕಿಲೋ ಹಸಿ ಗಡ್ಡೆಗೆ ಒಂದರಿಂದ ಮೂರು ಕಿಲೋ ಒಣ ಅರಸಿನ ಬರುತ್ತದೆ.

ಕರಿಮೆಣಸಿಗೂ ಈ ಪಾತ್ರೆ ಉಪಯುಕ್ತ, ಆದರೆ ಹಬೆಯಲ್ಲಿ ಅಲ್ಲ. ಬಿಡಿಸಿದ ಮೆಣಸನ್ನು ತೂತಿನ ತಟ್ಟೆಯಲ್ಲಿ ಬಟ್ಟೆಕಟ್ಟಿ ಕುದಿಯುವ ನೀರಿನಲ್ಲಿ ಒಂದೇ ನಿಮಿಷ ಅದ್ದಿ ತೆಗೆದು ಒಣಹಾಕಿದರೆ ಬೇಗ ಒಣಗುತ್ತದೆ, ಕಾಳೆಲ್ಲ ಒಂದೇ ಹದದ ಕಪ್ಪಾಗುತ್ತದೆ.

ಗಟ್ಟಿಯಾದ ಜೇನನ್ನೂ ಧನುರ್ಮಾಸದ ತೆಂಗಿನೆಣ್ಣೆಯನ್ನೂ ಹಬೆಯಲ್ಲಿ ಕರಗಿಸಬಹುದೇ?

ಎಣ್ಣೆ 24 ಡಿಗ್ರಿಯ ಸುಮಾರಿಗೆ ಗಟ್ಟಿಯಾಗುವಂಥದು, ಅದನ್ನು ಬಿಸಿ ನೀರಿನ ಮೇಲಿಟ್ಟರೆ ಏನೂ ಹಾನಿಯಿಲ್ಲ. ಜೇನಿಗೆ ಮಾತ್ರ ಹಬೆ ತೋರಿಸಬೇಡಿ; 40 ಡಿಗ್ರಿ ದಾಟಿದ ಹಾಗೆಲ್ಲ ಅದರ ಪರಿಮಳವೂ ಗುಣವೂ ಇಳಿಯುತ್ತವೆ. ಒಲೆ ಆರಿಸಿ, ನೀರು ಬೆರಳಿಗೆ ಹಿತವಾಗುವಷ್ಟು ತಣಿದ ಮೇಲೆ ಜೇನಿನ ಬಾಟಲಿಯನ್ನು ಅದರಲ್ಲಿ ನಿಲ್ಲಿಸಿ ಮುಚ್ಚಿಡಿ. ಹರಳು ಕಟ್ಟಿದ ಮಾತ್ರಕ್ಕೆ ಜೇನು ಕೆಟ್ಟದ್ದಲ್ಲ, ಕಲಬೆರಕೆಯದೂ ಅಲ್ಲ. ಅವಸರವಿಲ್ಲದಿದ್ದರೆ ಹಾಗೆಯೇ ತಿನ್ನಬಹುದು.

ಜೇನು ಹಿಂಡಿದ ಮೇಲೆ ಉಳಿದ ಮೇಣವನ್ನು ಒಲೆಯಲ್ಲೇ ಕರಗಿಸಿದರೆ ಏನು ತೊಂದರೆ?

ನೇರ ಉರಿಯಲ್ಲಿ ಮೇಣಕ್ಕೆ ಬೆಂಕಿ ಹತ್ತುತ್ತದೆ, ಆ ಬೆಂಕಿಗೆ ನೀರು ಸುರಿದರೆ ಭುಗಿಲೇಳುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ಕೆಂಪು ದಾರದ ಹಳೆಯ ಅಟ್ಟಿನಳಗೆಯೊಳಗೆ ಒಂದು ಡಬ್ಬಿಯಲ್ಲಿಟ್ಟು ಸಣ್ಣ ಉರಿಯಲ್ಲಿ ಕರಗಿಸಿ, ಹಳೆಯ ಪಾಣಿಪಂಚೆಯಲ್ಲಿ ಸೋಸಿಕೊಳ್ಳಿ.

ಯಕ್ಷಗಾನದ ಮಕ್ಕಳ ವೇಷಭೂಷಣದ ವೆಲ್ವೆಟ್ ಪೆಟ್ಟಿಗೆಯಲ್ಲಿ ಮಡಚಿ ಮಡಚಿ ನಿರಿಗೆ ಬಿದ್ದಿದೆ, ಇಸ್ತ್ರಿ ಹಾಕಿದರೆ ಹೊಳಪು ಹೋಗುತ್ತದೆ. ಏನು ಮಾಡಲಿ?

ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಈ ಪ್ರಶ್ನೆ ಬರುವುದು ಸಹಜ. ವೆಲ್ವೆಟ್ಟಿನ ಸೊಗಸೆಲ್ಲ ಎದ್ದುನಿಂತ ಸಣ್ಣ ನೂಲುಗಳಲ್ಲಿದೆ, ಇಸ್ತ್ರಿ ಅವನ್ನು ಶಾಶ್ವತವಾಗಿ ಮಲಗಿಸಿಬಿಡುತ್ತದೆ, ಹಬೆ ಎಬ್ಬಿಸುತ್ತದೆ. ಮುಚ್ಚಳ ತೆಗೆದು ಕುದಿಯುವ ಅಟ್ಟಿನಳಗೆಯಿಂದ ಒಂದು ಅಡಿಯಷ್ಟು ಮೇಲೆ ದಗಲೆಯ (ವೇಷದ ಮೇಲಂಗಿಯ) ಒಳಮಗ್ಗುಲು ಹಬೆಗೆ ಬರುವಂತೆ ಇಬ್ಬರು ಹಿಡಿದುಕೊಂಡು ಮೆಲ್ಲನೆ ಸರಿಸುತ್ತ ಹೋಗಿ. ಒದ್ದೆ ಹನಿಗಟ್ಟಬಾರದು, ಬರಿಯ ತೇವ ಮುಟ್ಟಬೇಕು. ಕೂಡಲೇ ಮೆತ್ತನೆಯ ಬ್ರಷ್ಷಿನಿಂದ ನೂಲು ನಿಲ್ಲುವ ದಿಕ್ಕಿಗೆ ಸವರಿ ನೆರಳಲ್ಲಿ ತೂಗುಹಾಕಿ. ಅಂಟಿನಿಂದ ಕೂರಿಸಿದ ಕನ್ನಡಿ, ಮಿಂಚುಹಾಳೆ ಇರುವಲ್ಲಿಗೆ ಹಬೆ ತಾಗಿಸಬೇಡಿ, ಕಳಚಿಬೀಳುತ್ತವೆ.

ಅಟ್ಟದ ತಾಳೆಗರಿಗೆ, ಹಳೆಯ ಪುಸ್ತಕಗಳಿಗೆ ಹುಳ ಹಿಡಿದಿದೆ. ಹಬೆ ಹಿಡಿಯಲೇ?

ದಯವಿಟ್ಟು ಬೇಡ. ಕಾಗದ ಉಬ್ಬುತ್ತದೆ, ಶಾಯಿ ಹರಡುತ್ತದೆ, ಗರಿ ಸೊಟ್ಟಗಾಗಿ ಸೀಳುತ್ತದೆ, ಮತ್ತು ಉಳಿದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹಸ್ತಪ್ರತಿ ಸಂರಕ್ಷಣೆ ಬಲ್ಲವರಿಗೆ ತೋರಿಸುವವರೆಗೆ ಒಣ ಜಾಗದಲ್ಲಿ ಶುದ್ಧ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

## ಆಳಕ್ಕಿಳಿಯುವವರಿಗೆ

ಉಪ್ಪಿನಕಾಯಿಯ ಭರಣಿಗೆ ಹಬೆ ಹಿಡಿಯುತ್ತೇವೆ. ಹಾಗೆಯೇ ಬೇಯಿಸಿದ ಹಲಸಿನ ಸೊಳೆಯನ್ನೂ ಬಾಟಲಿಗೆ ತುಂಬಿ ಹಬೆಯಲ್ಲಿಟ್ಟು ವರ್ಷಗಟ್ಟಲೆ ಇಡಬಹುದೇ?

ಮೊದಲಿನದು ಸರಿ, ಎರಡನೆಯದು ಅಪಾಯ. ಮಾವಿನ ಮಿಡಿಯನ್ನು ಕಾಯುವುದು ಉಪ್ಪು ಮತ್ತು ಹುಳಿ. ಭರಣಿಗೆ ಹತ್ತು ಹದಿನೈದು ನಿಮಿಷ ತೋರಿಸುವ ಹಬೆ ಬೂಷ್ಟಿನ ಬೀಜವನ್ನು ತೆಗೆಯಲು ಮಾತ್ರ. ತಣ್ಣನೆಯ ಗಾಜನ್ನು ಕುದಿಯುವ ಪಾತ್ರೆಗೆ ಇಳಿಸಬೇಡಿ, ನೀರು ತಣ್ಣಗಿರುವಾಗಲೇ ಇಟ್ಟು ಒಟ್ಟಿಗೆ ಬಿಸಿಯಾಗಲಿ. ಹುಳಿಯಿಲ್ಲದ, ಉಪ್ಪಿಲ್ಲದ ಬೇಯಿಸಿದ ಪದಾರ್ಥವನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಅಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅದರ ಬೀಜಾಣುಗಳು 100 ಡಿಗ್ರಿಯ ಹಬೆಗೆ ಸಾಯುವುದಿಲ್ಲ, ಒತ್ತಡದಲ್ಲಿ 121 ಡಿಗ್ರಿ ಬೇಕು, ಅಟ್ಟಿನಳಗೆಯಲ್ಲಿ ಒತ್ತಡವೇ ಇಲ್ಲ. ಅದು ಬಿಡುವ ವಿಷ ಮಾರಕ, ರುಚಿಯಲ್ಲೂ ವಾಸನೆಯಲ್ಲೂ ಗೊತ್ತಾಗದೆ ಇರಬಹುದು. ನಮ್ಮ ಹಿರಿಯರು ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟದ್ದು, ಮಾವಿನ ರಸವನ್ನು ಬಿಸಿಲಲ್ಲಿ ಒಣಗಿಸಿ ಮಾಂಬಳ ಮಾಡಿದ್ದು ಕಾರಣವಿಲ್ಲದೆ ಅಲ್ಲ. ಆ ದಾರಿಗಳನ್ನೇ ಹಿಡಿಯಿರಿ.

ತರಕಾರಿ ಸಸಿಗಳು ಮೊಳೆತ ಕೂಡಲೇ ಬುಡ ಕೊಳೆತು ಬೀಳುತ್ತವೆ. ಮಣ್ಣಿಗೆ ಹಬೆ ಹಿಡಿದರೆ ಆಗುತ್ತದೆ ಎನ್ನುತ್ತಾರೆ, ನಿಜವೇ?

ನಿಜ, ಸ್ವಲ್ಪ ಮಣ್ಣಿಗೆ ಮಾತ್ರ. ಕೊಳೆರೋಗದ ಶಿಲೀಂಧ್ರಗಳು ಮತ್ತು ಹೆಚ್ಚಿನ ಕಳೆಬೀಜಗಳು 82 ಡಿಗ್ರಿಯಲ್ಲಿ ಅರ್ಧ ಗಂಟೆ ಇದ್ದರೆ ಸಾಯುತ್ತವೆ. ಹಿಡಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಒಡೆಯುವಷ್ಟು ತೇವದ ಮಣ್ಣನ್ನು ಬಟ್ಟೆಯಲ್ಲಿ ಮೂರು ಇಂಚು ದಪ್ಪಕ್ಕೆ ಹರಡಿ ಹಳೆಯ ಪಾತ್ರೆಯ ತಟ್ಟೆಯ ಮೇಲಿಡಿ, ನಡುವೆ ಒಂದು ಸಣ್ಣ ಬಟಾಟೆ ಹೂತಿಡಿ. ಬಟಾಟೆ ಬೆಂದಿದ್ದರೆ ಮಣ್ಣಿನ ನಡುಭಾಗಕ್ಕೂ ಬಿಸಿ ತಲುಪಿದೆ ಎಂದು ಅರ್ಥ. ಗಂಟೆಗಟ್ಟಲೆ ಬೇಯಿಸುವುದು ತಪ್ಪು, ಅತಿಯಾದ ಬಿಸಿಗೆ ಮಣ್ಣಿನ ಮ್ಯಾಂಗನೀಸ್ ಮತ್ತು ಅಮೋನಿಯಾ ಸಸಿಗೆ ವಿಷವಾಗುವಷ್ಟು ಬಿಡುಗಡೆಯಾಗುತ್ತವೆ. ತಣಿದ ಮೇಲೆ ಒಳ್ಳೆಯ ಕಾಂಪೋಸ್ಟ್ ಮತ್ತು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿ, ಏಕೆಂದರೆ ಬರಿದಾದ ಮಣ್ಣಿನಲ್ಲಿ ಮೊದಲು ಬಂದು ಕೂತ ಜೀವಿಯದೇ ರಾಜ್ಯ.

ಅಣಬೆ ಬೆಳೆಸಲು ಬೈಹುಲ್ಲನ್ನು ಇದರಲ್ಲಿ ಹದ ಮಾಡಬಹುದೇ?

ಒಂದು ಚೀಲದ ಪ್ರಯೋಗಕ್ಕೆ ಸಾಕು. ಎರಡು ಇಂಚಿಗೆ ಕತ್ತರಿಸಿ ರಾತ್ರಿಯಿಡೀ ನೆನೆಸಿದ ಹುಲ್ಲನ್ನು ಬಸಿದು ಒಂದು ಗಂಟೆ ಹಬೆಯಲ್ಲಿಟ್ಟು, ಪೂರ್ತಿ ತಣಿದ ಮೇಲೆ, ಹಿಂಡಿದರೆ ನೀರು ತೊಟ್ಟಿಕ್ಕದ ಹದದಲ್ಲಿ ಚಿಪ್ಪಣಬೆಯ ಬೀಜ ಹಾಕಬೇಕು. ಬಿಸಿ ಇರುವಾಗಲೇ ಹಾಕಿ ಬೀಜ ಸುಡುವುದು ಎಲ್ಲರೂ ಮಾಡುವ ತಪ್ಪು. ಬೈಹುಲ್ಲು ಸಿಗದ ತೋಟದವರು ತೆಂಗಿನ ಗೊನೆಯ ಮತ್ತು ಮಡಲಿನ ತ್ಯಾಜ್ಯದ ಕಡೆ ನೋಡಬಹುದು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅವುಗಳ ಮೇಲೆ ಚಿಪ್ಪಣಬೆ ಬೆಳೆಸುವ ವಿಧಾನವನ್ನು ಅಭ್ಯಸಿಸಿದೆ.

ಲಾವಂಚದ ನೀರು, ಗುಲಾಬಿ ನೀರು ಮನೆಯಲ್ಲಿ ಇಳಿಸಲು ಆಗುತ್ತದೆಯೇ?

ಆಗುತ್ತದೆ. ಕತ್ತರಿಸಿ ರಾತ್ರಿ ನೆನೆಸಿದ ಲಾವಂಚದ ಬೇರನ್ನು ನೀರಿನೊಂದಿಗೇ ತಳಕ್ಕೆ ಹಾಕಿ, ತೂತಿನ ತಟ್ಟೆಯ ನಡುವೆ ಒಂದು ಸ್ಟೀಲಿನ ಬಟ್ಟಲನ್ನಿಟ್ಟು, ಮುಚ್ಚಳವನ್ನು ಮಗುಚಿ ಮುಚ್ಚಬೇಕು. ಉಬ್ಬು ಈಗ ಕೆಳಗೆ, ಬಟ್ಟಲಿನ ನೇರಕ್ಕೆ ಬರುತ್ತದೆ. ಮುಚ್ಚಳದ ಕುಳಿಯಲ್ಲಿ ಚೀಲದಲ್ಲಿ ಕಟ್ಟಿದ ಮಂಜುಗಡ್ಡೆ ಇಟ್ಟರೆ ಪರಿಮಳ ಹೊತ್ತ ಹಬೆ ತಂಪಿಗೆ ತಾಗಿ ಹನಿಯಾಗಿ ಬಟ್ಟಲಿಗೆ ಇಳಿಯುತ್ತದೆ. ಮುಚ್ಚಳದಲ್ಲಿ ಹಬೆ ಹೋಗುವ ಸಣ್ಣ ತೂತಿದ್ದರೆ ಹಿಟ್ಟಿನ ಮುದ್ದೆಯಿಂದ ಮುಚ್ಚಿ, ಅಂಚನ್ನು ಮಾತ್ರ ಮೆತ್ತಬೇಡಿ, ಒತ್ತಡಕ್ಕೆ ದಾರಿ ಇರಬೇಕು. ಉರಿ ಅತಿ ಸಣ್ಣದಿರಲಿ. ಒಂದು ಗಂಟೆಗೆ ಸಿಗುವುದು ಸ್ವಲ್ಪವೇ, ಆದರೆ ಮೊದಲು ಇಳಿದ ನಾಲ್ಕು ಚಮಚದ ಪರಿಮಳ ಬೇರೆಲ್ಲೂ ಸಿಗದು. ಬರಿಯ ನೀರನ್ನು ಹೀಗೆ ಇಳಿಸಿದರೆ ಹಬೆಯ ಇಸ್ತ್ರಿಪೆಟ್ಟಿಗೆಗೆ ಸುಣ್ಣ ಕಟ್ಟದ ನೀರು ಸಿಗುತ್ತದೆ. ಇನ್ವರ್ಟರಿನ ಬ್ಯಾಟರಿಗೆ ಮಾತ್ರ ಹಾಕಬೇಡಿ. ಪಾತ್ರೆಯ ಲೋಹದ ಅಂಶ ಅದರಲ್ಲಿ ಉಳಿದಿರುತ್ತದೆ.

ಅಜ್ಜಿಯ ತಾಮ್ರದ ತೊಂದರು ಅಟ್ಟದಲ್ಲಿದೆ, ಕಲಾಯಿ ಹೋಗಿದೆ. ಗುಜರಿಗೆ ಕೊಟ್ಟುಬಿಡಲೇ?

ಕೊಡಬೇಡಿ. ತಿಂಡಿಗೆ ಬೇಕಿದ್ದರೆ ಕಲಾಯಿ ಹಾಕಿಸಲೇಬೇಕು; ನವಸಾಗರದಿಂದ ಉಜ್ಜಿ ತವರ ಸವರುವ ಕಸುಬಿನವರು ಈಗ ವಿರಳ, ಊರಿನ ದೇವಸ್ಥಾನದ ಉಗ್ರಾಣದಲ್ಲಿ ವಿಚಾರಿಸಿದರೆ ಯಾರು ಯಾವಾಗ ಬರುತ್ತಾರೆ ಎಂದು ತಿಳಿಯುತ್ತದೆ. ಕಲಾಯಿ ಸಿಗುವವರೆಗೆ ಹುಳಿ, ಹಾಲು, ಮಗುವಿನ ಸಾಮಾನು, ಬಿಳಿ ಬಟ್ಟೆ ಇವನ್ನು ಅದರ ಹತ್ತಿರ ತರಬೇಡಿ, ಹಸಿರು ಕಿಲುಬು ಹತ್ತುತ್ತದೆ. ಮೈಗೆ ಸಿಂಪಡಿಸುವ, ಕೋಣೆಯ ಪರಿಮಳಕ್ಕೆ ಬೇಕಾಗುವ ಲಾವಂಚದ ನೀರು ಇಳಿಸಲು ಮಾತ್ರ ಅದಕ್ಕಿಂತ ಒಳ್ಳೆಯ ಪಾತ್ರೆ ಮನೆಯಲ್ಲಿ ಇಲ್ಲ. ಉತ್ತರಪ್ರದೇಶದ ಕನ್ನೌಜಿನಲ್ಲಿ ಅತ್ತರು ಇಳಿಸುವವರು ಇಂದಿಗೂ ತಾಮ್ರದ ಹಂಡೆಯನ್ನೇ ಒಲೆಗೇರಿಸುತ್ತಾರೆ; ತಾಮ್ರ ಬೇಗ ಬಿಸಿಯಾಗುತ್ತದೆ, ಬಿಸಿಯನ್ನು ಎಲ್ಲೆಡೆ ಸಮನಾಗಿ ಹರಡುತ್ತದೆ, ಆದ್ದರಿಂದ ಬೇರು ತಳ ಹಿಡಿಯುವುದಿಲ್ಲ. ಹುಣಸೆಹುಳಿ ಮತ್ತು ಉಪ್ಪಿನಿಂದ ಕಿಲುಬು ತೆಗೆದು, ಎರಡು ಸಲ ಬರಿಯ ನೀರು ಕುದಿಸಿ ಚೆಲ್ಲಿ, ಮೂರನೆಯ ಸಲಕ್ಕೆ ಲಾವಂಚ ಹಾಕಿ.